ಆರು ಜನರ ಮನೆಗೆ ಯಾವ ಅಲ್ಯೂಮಿನಿಯಂ ದೋಣಿ?

ಪ್ರಶ್ನೆ: ನಾವು ಮಿನೆಸೋಟದ ಈಡನ್ ಪ್ರೇರಿಯಲ್ಲಿ ವಾಸವಾಗಿದ್ದೇವೆ. ನಾನು, ನನ್ನ ಹೆಂಡತಿ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು. ಬೇಸಿಗೆಯ ಮೂರು ತಿಂಗಳು, ಜೂನ್ ಮೊದಲ ವಾರದಿಂದ, ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಮೀನು ಹಿಡಿಯುವುದಕ್ಕೂ ಮನೆಮಂದಿಯೆಲ್ಲ ಸುತ್ತಾಡುವುದಕ್ಕೂ ಆಗುವಂಥ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಳ್ಳಬೇಕೆಂದಿದ್ದೇವೆ. ಎರಡು ದೋಣಿಗಳ ನಡುವೆ ಮನಸ್ಸು ಡೋಲಾಯಮಾನವಾಗಿದೆ. ಒಂದು ರಿವೆಟ್ (ತಗಡುಗಳನ್ನು ಜೋಡಿಸುವ ಲೋಹದ ಮೊಳೆ) ಹೊಡೆದದ್ದು: 16 ಅಡಿ 8 ಇಂಚು ಉದ್ದ, 7 ಅಡಿ ಅಗಲ, ಪೂರ್ಣ ವಿಂಡ್‌ಶೀಲ್ಡ್, 60 ಎಚ್‌ಪಿ ಎಂಜಿನ್. ಇನ್ನೊಂದು ವೆಲ್ಡಿಂಗ್ ಮಾಡಿದ್ದು: 17 ಅಡಿ 2 ಇಂಚು ಉದ್ದ, 7 ಅಡಿ 10 ಇಂಚು ಅಗಲ, ಪೂರ್ಣ ವಿಂಡ್‌ಶೀಲ್ಡ್ ಇಲ್ಲ, ಪಕ್ಕದಲ್ಲಿ ಮಾತ್ರ ಚಾಲಕನ ಕಟ್ಟೆ, 90 ಎಚ್‌ಪಿ ಎಂಜಿನ್, ಬೆಲೆ 5,500 ಡಾಲರ್ ಹೆಚ್ಚು. ಹೆಚ್ಚಾಗಿ ಮಿನೆಟಾಂಕಾ ಮತ್ತು ವಕೋನಿಯಾ ಕೆರೆಗಳಿಗೆ, ವರ್ಷಕ್ಕೆ ಮೂರು ನಾಲ್ಕು ಸಲ ಮಿಲ್ ಲ್ಯಾಕ್ಸ್‌ಗೆ ಹೋಗುತ್ತೇವೆ. ಎಳೆಯಲು ಟೊಯೋಟಾ ಸಿಯೆನಾ ಕಾರು ಇದೆ. ಎರಡೂ ದೋಣಿಗಳ ಚಿತ್ರಗಳನ್ನೂ ನಮ್ಮೆಲ್ಲರ ತೂಕವನ್ನೂ ಕಳಿಸಿದ್ದೇನೆ. ವೆಲ್ಡಿಂಗ್ ದೋಣಿ ಸೋರುವುದಿಲ್ಲ, ಅದೇ ಉತ್ತಮ ಎಂದು ಗೆಳೆಯರು ಹೇಳುತ್ತಾರೆ. ನಿಮ್ಮ ಅಭಿಪ್ರಾಯವೇನು?

ಉತ್ತರ: ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ದೋಣಿಯ ಒಡಲು ನಿಮ್ಮ ಮನೆಗೆ ಸರಿಯಾದದ್ದು, ಆದರೆ ಅದಕ್ಕೆ ಕಾರಣ ವೆಲ್ಡಿಂಗ್ ಅಲ್ಲ. ಮತ್ತು ಈಗ ನಿಮಗೆ ತೋರಿಸಿರುವ ರೂಪದಲ್ಲಿ ಅದನ್ನು ಕೊಳ್ಳಬೇಡಿ. ಅದೇ ಒಡಲಿನ ಮೇಲೆ ಪೂರ್ಣ ವಿಂಡ್‌ಶೀಲ್ಡ್ ಇರುವ ಮಾದರಿಯನ್ನು ಕೇಳಿ. ಹೆಚ್ಚಿನ ತಯಾರಕರು ಒಂದೇ ಒಡಲಿಗೆ ಎರಡು ಮೂರು ಬಗೆಯ ಒಳವಿನ್ಯಾಸ ಕೊಡುತ್ತಾರೆ. ಅಂಗಡಿಯವರು ತಮ್ಮ ಅಂಗಳದಲ್ಲಿ ನಿಂತಿರುವುದನ್ನಷ್ಟೇ ತೋರಿಸುತ್ತಾರೆ.

ಗೆಳೆಯರು ಹೇಳಿದ ಮಾತನ್ನು ಮೊದಲು ನೋಡೋಣ. ರಿವೆಟ್ ಮತ್ತು ವೆಲ್ಡಿಂಗ್ ಎಂಬ ಜಗಳ ಮಿನೆಸೋಟದ ದೋಣಿಕಟ್ಟೆಗಳಲ್ಲಿ ಹಳೆಯದು. ರಿವೆಟ್ ದೋಣಿಗಳಿಗೆ ಹೆಸರಾದ ಲುಂಡ್ ಮತ್ತು ವೆಲ್ಡಿಂಗ್ ದೋಣಿಗಳಿಗೆ ಹೆಸರಾದ ಕ್ರೆಸ್ಟ್‌ಲೈನರ್ ಎರಡೂ ಇದೇ ರಾಜ್ಯದಲ್ಲಿ ಹುಟ್ಟಿದವು. 2004ರಿಂದ ಎರಡಕ್ಕೂ ಬ್ರನ್ಸ್‌ವಿಕ್ ಎಂಬ ಒಂದೇ ಕಂಪನಿ ಒಡೆಯ. ಒಂದು ವಿಧಾನ ಇನ್ನೊಂದಕ್ಕಿಂತ ನಿಸ್ಸಂದೇಹವಾಗಿ ಮೇಲಾಗಿದ್ದರೆ ಆ ಒಡೆಯರೇ ಎರಡನೆಯದನ್ನು ಎಂದೋ ಕೈಬಿಡುತ್ತಿದ್ದರು. ದೋಣಿಗೆ ಸಾಮಾನ್ಯವಾಗಿ ಬಳಸುವ 5052 ಎಂಬ ಮಿಶ್ರಲೋಹದ ತಗಡನ್ನು ಕಾರ್ಖಾನೆಯಲ್ಲಿ ಒತ್ತಿ ಗಟ್ಟಿ ಮಾಡಿರುತ್ತಾರೆ. ವೆಲ್ಡಿಂಗ್ ಮಾಡಿದಾಗ ಆ ಕಾವಿಗೆ ಬೆಸುಗೆಯ ಆಚೀಚೆಯ ಲೋಹ ಮತ್ತೆ ಮೆದುವಾಗುತ್ತದೆ. ಅದನ್ನು ಬಲ್ಲ ತಯಾರಕರು ಅಲ್ಲಿ ದಪ್ಪ ತಗಡನ್ನೋ ಒಳಪಟ್ಟಿಯನ್ನೋ ಕೊಟ್ಟು ಸರಿದೂಗಿಸುತ್ತಾರೆ. ರಿವೆಟ್ಟಿಗೆ ಕಾವು ಬೇಕಿಲ್ಲ, ಆದರೆ ವರ್ಷಗಟ್ಟಲೆ ಅಲೆಯ ಹೊಡೆತ ತಿಂದ ಮೇಲೆ ಕೆಲವು ರಿವೆಟ್‌ಗಳು ಸಡಿಲವಾಗಿ ಹನಿ ಹನಿಯಾಗಿ ನೀರು ಬಿಡಬಹುದು. ಅದನ್ನು ಒಳಗಿನಿಂದ ಒಬ್ಬರು ಹಿಡಿದು ಹೊರಗಿನಿಂದ ಒಬ್ಬರು ಬಡಿದು ಅರ್ಧ ದಿನದಲ್ಲಿ ಬಿಗಿಮಾಡಬಹುದು. ಬೆಸುಗೆ ಬಿರಿದರೆ ಅಲ್ಯೂಮಿನಿಯಂ ಕೆಲಸ ಚೆನ್ನಾಗಿ ಬಲ್ಲವರನ್ನೇ ಹುಡುಕಿಕೊಂಡು ಹೋಗಬೇಕು. ಸಿಹಿನೀರಿನಲ್ಲಿ ಎರಡೂ ಬಗೆಯ ದೋಣಿಗಳು ಮೂವತ್ತು ವರ್ಷ ಬಾಳಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ತೀರ್ಮಾನದಿಂದ ಈ ಅಂಶವನ್ನು ಹೊರಗಿಟ್ಟುಬಿಡಿ.

ತೀರ್ಮಾನಿಸಬೇಕಾದದ್ದು ಬೇರೆ ಕಡೆ ಇದೆ. ಕುಟುಂಬಕ್ಕೆ ದೋಣಿ ಆರಿಸುವಾಗ ಆ ದೋಣಿಯ ಅತ್ಯಂತ ಕಷ್ಟದ ಒಂದು ಗಂಟೆ ಹೇಗಿರುತ್ತದೆ ಎಂದು ಊಹಿಸಿಕೊಳ್ಳಬೇಕು. ಬೆಳಗಿನ ನಿಶ್ಚಲ ನೀರಿನಲ್ಲಿ ಗಾಳ ಹಾಕಿ ಕುಳಿತಾಗ ಎಲ್ಲ ದೋಣಿಯೂ ಒಳ್ಳೆಯದೇ. ಮಧ್ಯಾಹ್ನ ಗಾಳಿ ತಿರುಗಿ, ಆರು ಜನ ಕುಳಿತು, ಮಕ್ಕಳಿಗೆ ಹಸಿವಾಗಿ, ದಡ ಐದು ಮೈಲಿ ದೂರವಿದ್ದಾಗ ಅದು ಹೇಗೆ ನಡೆಯುತ್ತದೆ ಎಂಬುದು ಪ್ರಶ್ನೆ.

ಮಿಲ್ ಲ್ಯಾಕ್ಸ್ ಇಂಥ ಪ್ರಶ್ನೆಯನ್ನು ಕೇಳಿಯೇ ಕೇಳುತ್ತದೆ. ಸುಮಾರು 1,32,000 ಎಕರೆಯ ಆ ಕೆರೆ ನಿಮ್ಮ ಊರಿನ ಲಿಂಗನಮಕ್ಕಿ ಹಿನ್ನೀರಿಗಿಂತ ವಿಶಾಲವಾದದ್ದು, ಆದರೆ ಅತಿ ಆಳದ ಜಾಗವೂ ಹೆಚ್ಚುಕಡಿಮೆ 42 ಅಡಿ ಅಷ್ಟೆ. ಅಷ್ಟು ಅಗಲವಾದ, ಅಷ್ಟು ತೆಳುವಾದ ನೀರಿನ ಮೇಲೆ ಅಡ್ಡಿಯಿಲ್ಲದೆ ಗಾಳಿ ಬೀಸಿದರೆ ಅಲೆಗಳು ಉದ್ದಕ್ಕೆ ಉರುಳುವುದಿಲ್ಲ. ಒಂದರ ಹಿಂದೊಂದು ಒತ್ತೊತ್ತಾಗಿ, ಕಡಿದಾಗಿ ಏಳುತ್ತವೆ. ದೋಣಿಯ ಮೂತಿ ಒಂದು ಅಲೆಯಿಂದ ಇಳಿಯುವಷ್ಟರಲ್ಲೇ ಮುಂದಿನದು ಎದುರು ನಿಂತಿರುತ್ತದೆ.

ಅಲ್ಲಿ ನಾನು ಕಲಿತದ್ದನ್ನು ಹೇಳಬೇಕು. ನನ್ನ ಮೊದಲ ದೋಣಿ 16 ಅಡಿಯದು, ಅಗಲ 6 ಅಡಿಗಿಂತ ಸ್ವಲ್ಪ ಹೆಚ್ಚು, ವಿಂಡ್‌ಶೀಲ್ಡ್ ಇರಲಿಲ್ಲ. ಹಾಸನದಿಂದ ಬಂದಿದ್ದ ಅಮ್ಮನನ್ನು ಒಂದು ಜುಲೈ ತಿಂಗಳಲ್ಲಿ ಮಿಲ್ ಲ್ಯಾಕ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಎರಡರ ಹೊತ್ತಿಗೆ ದಕ್ಷಿಣದ ಗಾಳಿ ಎದ್ದಿತು. ವಾಪಸ್ಸಿನ ದಾರಿ ಗಾಳಿಗೆ ಎದುರಾಗಿತ್ತು. ಪ್ರತಿ ಅಲೆಗೂ ಒಂದು ಬೊಗಸೆ ತಣ್ಣೀರು ನೇರವಾಗಿ ಅಮ್ಮನ ಮುಖಕ್ಕೆ ಬಂದು ಬೀಳುತ್ತಿತ್ತು. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಲೈಫ್ ಜಾಕೆಟ್, ಎಲ್ಲವೂ ತೊಯ್ದು ತೊಟ್ಟಿಕ್ಕುತ್ತಿದ್ದವು. ಅವರು ಎರಡೂ ಕೈಯಿಂದ ಸೀಟಿನ ಅಂಚನ್ನು ಹಿಡಿದುಕೊಂಡು, ತುಟಿ ನೀಲಿಗಟ್ಟಿದ್ದರೂ, ನಲವತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ದೋಣಿಗೆ ಏನೂ ಆಗಲಿಲ್ಲ, ನಾವು ಕ್ಷೇಮವಾಗಿ ದಡ ಸೇರಿದೆವು. ಮರುವರ್ಷ ಬಂದಾಗ ಮಾತ್ರ, "ನೀವು ಹೋಗಿ ಬನ್ನಿ, ನಾನು ಮನೇಲೇ ಇರ್ತೀನಿ" ಎಂದರು. ಆ ದೋಣಿಯನ್ನು ನಾನು ಅದೇ ಶರತ್ಕಾಲದಲ್ಲಿ ಮಾರಿದೆ. ವಿಂಡ್‌ಶೀಲ್ಡ್ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೆ. ಗಾಳ ಹಾಕುವವರಿಗೆ ಅದು ಜಾಗ ತಿನ್ನುವ ಅಡ್ಡಗೋಡೆ. ಹಿರಿಯರಿಗೂ ಮಕ್ಕಳಿಗೂ ಅದೇ ಬೆಚ್ಚನೆಯ ಮನೆ.

ಈಗ ಅಗಲದ ಲೆಕ್ಕ. ಎರಡೂ ದೋಣಿಗಳು ನೋಡಲು ಒಂದೇ ರೀತಿ ಇವೆ, ವ್ಯತ್ಯಾಸ 10 ಇಂಚು ಮಾತ್ರ ಎಂದು ನಿಮಗೆ ಅನ್ನಿಸಬಹುದು. ಆದರೆ ನಿಂತ ದೋಣಿ ಪಕ್ಕಕ್ಕೆ ವಾಲದೆ ಇರುವ ಶಕ್ತಿ ಅಗಲದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 7 ಅಡಿಗೂ 7 ಅಡಿ 10 ಇಂಚಿಗೂ ಆ ಲೆಕ್ಕ ಹಾಕಿದರೆ ಸ್ಥೂಲವಾಗಿ ಶೇಕಡ 40ರಷ್ಟು ವ್ಯತ್ಯಾಸ ಬರುತ್ತದೆ. ಮಗ ಮೀನು ಸಿಕ್ಕಿತೆಂದು ಕೂಗಿದಾಗ ಮನೆಯವರೆಲ್ಲ ಒಂದೇ ಬದಿಗೆ ಓಡಿ ಬರುತ್ತಾರಲ್ಲ, ಆಗ ಈ ಶೇಕಡ 40 ಕೆಲಸಕ್ಕೆ ಬರುತ್ತದೆ. ನಿಮ್ಮ ತಂದೆಯವರು ಸೇತುವೆ ಆಗುವ ಮುನ್ನ ಹೊಳೆಬಾಗಿಲಿನ ಲಾಂಚಿನಲ್ಲಿ ಎಷ್ಟೋ ಸಲ ಸಿಗಂದೂರಿಗೆ ಹೋಗಿರಬಹುದು. ಅದು ಚಪ್ಪಟೆ ತಳದ್ದು, ಬಸ್ಸು ಹತ್ತಿದರೂ ಅಲುಗದು. ನೀವು ನೋಡುತ್ತಿರುವ ದೋಣಿಗಳ ತಳ ವಿ ಆಕಾರದ್ದು. ಅಲೆಯನ್ನು ಸೀಳಿಕೊಂಡು ಹೋಗಲು ಅದು ಬೇಕು, ಆದರೆ ಎಂಜಿನ್ ನಿಲ್ಲಿಸಿ ಕುಳಿತಾಗ ಅದೇ ಆಕಾರ ತೂಗಾಡುತ್ತದೆ. ಇದು ದೋಷವಲ್ಲ ಎಂದು ಅವರಿಗೆ ಮೊದಲೇ ತಿಳಿಸಿ. ವಿ ಆಕಾರದ ತಳದ ತೂಗಾಟಕ್ಕೆ ಅಗಲವೇ ಮದ್ದು.

ಇನ್ನು, ನೀವು ಕಳಿಸಿದ ಚಿತ್ರಗಳಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಎರಡು ದೋಣಿಗಳ ಸಾಮರ್ಥ್ಯ ಫಲಕಗಳು. ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಇಂಥ ಮೋಟಾರು ದೋಣಿಗಳಿಗೆಲ್ಲ ಈ ಫಲಕ ಕಡ್ಡಾಯ. ಕೊಳ್ಳುವವರು ಅದರಲ್ಲಿ "6 ಜನ" ಎಂಬುದನ್ನಷ್ಟೇ ಓದುತ್ತಾರೆ. ಅದರ ಕೆಳಗಿನ ಸಾಲಿನಲ್ಲಿ ಜನ, ಎಂಜಿನ್ ಮತ್ತು ಸರಂಜಾಮು ಎಲ್ಲ ಸೇರಿ ಎಷ್ಟು ತೂಕ ಎಂದಿರುತ್ತದೆ, ನಿಜವಾದ ಮಿತಿ ಅದು. ನಿಮ್ಮ ರಿವೆಟ್ ದೋಣಿಯ ಫಲಕದಲ್ಲಿ 6 ಜನ ಅಥವಾ 850 ಪೌಂಡ್, ಒಟ್ಟು 1,300 ಪೌಂಡ್, ಗರಿಷ್ಠ 90 ಎಚ್‌ಪಿ ಎಂದಿದೆ. ವೆಲ್ಡಿಂಗ್ ದೋಣಿಯಲ್ಲಿ 7 ಜನ ಅಥವಾ 1,050 ಪೌಂಡ್, ಒಟ್ಟು 1,600 ಪೌಂಡ್, ಗರಿಷ್ಠ 115 ಎಚ್‌ಪಿ.

ನೀವು ಬರೆದ ತೂಕಗಳನ್ನೇ ಕೂಡುತ್ತೇನೆ. ನಿಮ್ಮದು 175, ನಿಮ್ಮ ಹೆಂಡತಿಯವರದು 140, ತಂದೆಯವರದು 160, ತಾಯಿಯವರದು 145, ಮಕ್ಕಳದು 85 ಮತ್ತು 45. ಒಟ್ಟು 750 ಪೌಂಡ್. 60 ಎಚ್‌ಪಿ ಎಂಜಿನ್ ಸುಮಾರು 250 ಪೌಂಡ್. ಅಲ್ಲಿಗೆ ಸಾವಿರವಾಯಿತು, ಉಳಿದದ್ದು 300. ಮೀನನ್ನು ಜೀವಂತ ಇಡುವ ತೊಟ್ಟಿಗೆ 24 ಗ್ಯಾಲನ್ ನೀರು ತುಂಬಿದರೆ ಅದೇ 200 ಪೌಂಡ್ ತೂಗುತ್ತದೆ, ಅಂದರೆ ನಿಮಗಿಂತ ಭಾರವಾದ ಏಳನೆಯ ಮನುಷ್ಯನೊಬ್ಬ ದೋಣಿಯಲ್ಲಿ ಕುಳಿತಂತೆ. ಉಳಿದ 100 ಪೌಂಡಿನಲ್ಲಿ ಬ್ಯಾಟರಿಗಳು, ಲಂಗರು, ಹಗ್ಗ, ಗಾಳದ ಕೋಲುಗಳು, ಐಸ್ ಪೆಟ್ಟಿಗೆ, ಅಮ್ಮ ಕಟ್ಟಿಕೊಟ್ಟ ಪುಳಿಯೋಗರೆ ಡಬ್ಬಿ ಎಲ್ಲವೂ ಹಿಡಿಯಬೇಕು. ಹಿಡಿಯುವುದಿಲ್ಲ. 60ರ ಬದಲು 90 ಎಚ್‌ಪಿ ಹಾಕಿಸೋಣವೆಂದರೆ ಎಂಜಿನ್ ತೂಕ ಸುಮಾರು 360 ಪೌಂಡ್‌ಗೆ ಏರಿ, ಉಳಿಯುವುದು 190 ಮಾತ್ರ. ಮೀನಿನ ತೊಟ್ಟಿ ತುಂಬುವ ಮೊದಲೇ ಮಿತಿ ಮುಗಿಯುತ್ತದೆ. ವೆಲ್ಡಿಂಗ್ ದೋಣಿಯಲ್ಲಿ 90 ಎಚ್‌ಪಿ ಎಂಜಿನ್ ಇಟ್ಟುಕೊಂಡೂ 490 ಪೌಂಡ್ ಉಳಿಯುತ್ತದೆ. ನನ್ನ ತೀರ್ಮಾನ ಆದದ್ದು ಈ ಕೂಡಿಸಿ ಕಳೆಯುವ ಲೆಕ್ಕದಲ್ಲಿ. ನೀವು ನಾಲ್ವರೇ ಆಗಿದ್ದರೆ ನಾನು ರಿವೆಟ್ ದೋಣಿಯನ್ನೇ ಸಂತೋಷದಿಂದ ಹೇಳುತ್ತಿದ್ದೆ, 5,500 ಡಾಲರ್ ಉಳಿಸಿ ಎನ್ನುತ್ತಿದ್ದೆ.

ಎಂಜಿನ್ನಿನ ವಿಷಯದಲ್ಲಿ ಇನ್ನೊಂದು ಮಾತು. ಇಂಥ ದೋಣಿ ಮೊದಲು ನೀರನ್ನು ತಳ್ಳಿಕೊಂಡು ಹೋಗುತ್ತದೆ, ವೇಗ ಹೆಚ್ಚಿದ ಮೇಲೆ ಮೇಲೆದ್ದು ನೀರಿನ ಮೇಲೆ ಜಾರುತ್ತದೆ. ಮೇಲೇಳಲು ಶಕ್ತಿ ಸಾಲದಿದ್ದರೆ ಮೂತಿ ಆಕಾಶ ನೋಡುತ್ತ, ಹಿಂಬದಿ ಮುಳುಗಿದಂತೆ ಇದ್ದು, ಚಾಲಕನಿಗೆ ಮುಂದಿನ ದಾರಿಯೇ ಕಾಣುವುದಿಲ್ಲ. ಫಲಕದ ಗರಿಷ್ಠದ ಮುಕ್ಕಾಲು ಭಾಗಕ್ಕಾದರೂ ಎಂಜಿನ್ ಇರಲಿ ಎಂಬುದು ನನ್ನ ರೂಢಿ. 115ಕ್ಕೆ 90 ಆ ಲೆಕ್ಕಕ್ಕೆ ಸರಿಹೊಂದುತ್ತದೆ. 90ಕ್ಕೆ 60 ಸ್ವಲ್ಪ ಕಡಿಮೆ ಬೀಳುತ್ತದೆ. 115 ಹಾಕಿಸಿ ಎಂದು ಅಂಗಡಿಯವರು ಒತ್ತಾಯಿಸಿದರೆ, ಮಕ್ಕಳನ್ನು ನೀರಿನ ಮೇಲೆ ಟ್ಯೂಬಿನಲ್ಲಿ ಎಳೆಯುವ ಆಸೆ ನಿಮಗಿದ್ದರೆ ಮಾತ್ರ ಒಪ್ಪಿಕೊಳ್ಳಿ.

ದೊಡ್ಡ ದೋಣಿಯಿಂದ ನಿಮಗೆ ತೊಂದರೆಯಾಗುವುದು ನೀರಿನಲ್ಲಲ್ಲ, ರಸ್ತೆಯಲ್ಲಿ. ಒಡಲು 1,450, ಎಂಜಿನ್ 360, ಟ್ಯಾಂಕ್ ತುಂಬ ಪೆಟ್ರೋಲ್ 150, ಟ್ರೈಲರ್ 700, ಬ್ಯಾಟರಿ ಮತ್ತು ಸಾಮಾನು 250. ಒಟ್ಟು ಹೆಚ್ಚುಕಡಿಮೆ 2,900 ಪೌಂಡ್. ಸಿಯೆನಾ ಎಳೆಯಬಹುದಾದ ಮಿತಿ 3,500. ಅಂಕಿಯಲ್ಲಿ ಇದು ಸರಿಯೆಂದು ಕಂಡರೂ, ಟ್ರೈಲರಿನ ಮೂತಿ ಕಾರಿನ ಕೊಕ್ಕೆಯ ಮೇಲೆ ಒತ್ತುವ ತೂಕ ಒಟ್ಟು ತೂಕದ ಹತ್ತನೆಯ ಒಂದರಷ್ಟು, ಅಂದರೆ 290 ಪೌಂಡ್, ಕಾರಿನೊಳಗಿನ ಹೊರೆಯ ಲೆಕ್ಕಕ್ಕೇ ಸೇರುತ್ತದೆ. ಅದರ ಜೊತೆಗೆ ಮನೆಯವರ 750 ಪೌಂಡ್, ಮೇಲೆ ಚೀಲಗಳು. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂದು ಮುದ್ರಿಸಿದ ಚೀಟಿ ಇರುತ್ತದೆ. ಇವತ್ತೇ ಹೋಗಿ ಅದನ್ನು ಓದಿ. ಆ ಸಂಖ್ಯೆಗೆ ನೀವು ತೀರಾ ಹತ್ತಿರ ಬರುತ್ತೀರಿ ಎಂದು ನನ್ನ ಅಂದಾಜು. ವಕೋನಿಯಾ, ಮಿನೆಟಾಂಕಾ ನಿಮ್ಮ ಮನೆಯ ಬಳಿಯೇ ಇವೆ, ಚಿಂತೆಯಿಲ್ಲ. ಮಿಲ್ ಲ್ಯಾಕ್ಸ್‌ಗೆ ಎಲ್ಲರೂ ಹೊರಡುವ ದಿನ ಎರಡನೆಯ ಕಾರಿನಲ್ಲಿ ತಂದೆ ತಾಯಿಯವರನ್ನು ಕರೆತನ್ನಿ. ಮಿನೆಸೋಟದಲ್ಲಿ ಒಟ್ಟು ತೂಕ 3,000 ಪೌಂಡ್ ಮುಟ್ಟಿದ ಟ್ರೈಲರ್‌ಗೆ ಬ್ರೇಕ್ ಇರಬೇಕು. ನೀವು ಅದರ ಅಂಚಿನಲ್ಲಿದ್ದೀರಿ, ಆದ್ದರಿಂದ ಕಾನೂನು ಕೇಳದಿದ್ದರೂ ಬ್ರೇಕ್ ಇರುವ ಟ್ರೈಲರನ್ನೇ ಬರೆಸಿಕೊಳ್ಳಿ. ಹಾಗೆಯೇ ಗ್ಯಾರೇಜನ್ನು ಟೇಪ್ ಹಿಡಿದು ಅಳೆಯಿರಿ. 17 ಅಡಿಯ ದೋಣಿ ಟ್ರೈಲರಿನ ಮೂತಿ ಮತ್ತು ಎಂಜಿನ್ ಸೇರಿದರೆ 20 ಅಡಿ ದಾಟುತ್ತದೆ. ಮೂತಿ ಮಡಚುವ ಟ್ರೈಲರ್ ಸಿಗುತ್ತದೆ. ಮನೆಯ ಮುಂದೆ ದೋಣಿ ನಿಲ್ಲಿಸಲು ನಿಮ್ಮ ಬಡಾವಣೆಯ ಸಂಘ ಒಪ್ಪುತ್ತದೆಯೇ ಎಂಬುದನ್ನೂ ದುಡ್ಡು ಕೊಡುವ ಮುಂಚೆಯೇ ಕೇಳಿಕೊಳ್ಳಿ.

ಬೆಲೆಯ ಬಗ್ಗೆ ನಿಮ್ಮ ಪತ್ರದಲ್ಲಿ ಹಿಂಜರಿಕೆ ಕಾಣುತ್ತದೆ, ಅದು ಸಹಜ. ವಿಂಡ್‌ಶೀಲ್ಡ್ ಇರುವ ಮಾದರಿಗೆ 5,500ರ ಮೇಲೆ ಇನ್ನೂ ಸ್ವಲ್ಪ ಹೋಗಬಹುದು. ಅಷ್ಟು ಕೈಗೆಟುಕದಿದ್ದರೆ, ಚಿಕ್ಕ ದೋಣಿಯನ್ನು ಹೊಸದಾಗಿ ಕೊಳ್ಳುವುದಕ್ಕಿಂತ ಇದೇ ಅಗಲದ ದೋಣಿಯನ್ನು ನಾಲ್ಕೈದು ವರ್ಷ ಹಳೆಯದಾಗಿ ಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ. ಅಲ್ಯೂಮಿನಿಯಂ ಒಡಲು ಐದು ವರ್ಷದಲ್ಲಿ ಮುದಿಯಾಗುವುದಿಲ್ಲ. ಹಳೆಯದನ್ನು ನೋಡುವಾಗ ನೆಲದ ಕೆಳಗಿನ ಫೋಮ್ ನೀರು ಕುಡಿದಿದೆಯೇ ಎಂದು ತಿಳಿಯಲು, ತೂಕದ ಕಟ್ಟೆಯ ಮೇಲೆ ದೋಣಿ ಮತ್ತು ಟ್ರೈಲರ್ ಎರಡನ್ನೂ ನಿಲ್ಲಿಸಿ ತೂಗಿಸಿ. ಎಂಜಿನ್, ಟ್ರೈಲರ್, ಪೆಟ್ರೋಲ್, ಸಾಮಾನುಗಳ ತೂಕ ಕಳೆದ ಮೇಲೂ ತಯಾರಕರು ಹೇಳಿದ್ದಕ್ಕಿಂತ ಇನ್ನೂರು ಮುನ್ನೂರು ಪೌಂಡ್ ಹೆಚ್ಚಿದ್ದರೆ ಅದು ನೀರಿರಬಹುದು. ಹಿಂಬದಿಯ ಎಂಜಿನ್ ಹಲಗೆಯನ್ನು ಮುಷ್ಟಿಯಿಂದ ಬಡಿದು ನೋಡಿ, ಎಂಜಿನ್ನಿನ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಹಲಗೆ ಬಾಗಿದರೆ ಒಳಗಿನ ಮರ ಕೊಳೆತಿದೆ ಎಂದರ್ಥ. ಹಿಂದಿನ ಮಾಲೀಕರು ತಾವೇ ಹೊಸ ಹಲಗೆ ಹಾಕಿದ್ದರೆ ಅದು ತಾಮ್ರದ ರಾಸಾಯನಿಕದಲ್ಲಿ ಅದ್ದಿದ ಮರವೋ ಎಂದು ಕೇಳಿ. ತಾಮ್ರವೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಒಂದನ್ನೊಂದು ಮುಟ್ಟಿಕೊಂಡಿದ್ದರೆ ತಗಡಿಗೆ ತೂತು ಬೀಳುವುದು ಖಂಡಿತ.

ಲೈಫ್ ಜಾಕೆಟ್ ವಿಚಾರದಲ್ಲಿ, ದೋಣಿ ಚಲಿಸುವಾಗ 10 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕೆಂಬುದು ಮಿನೆಸೋಟದ ಕಾನೂನು. 11 ವರ್ಷದ ಮಗ ಕಾನೂನಿನಿಂದ ತಪ್ಪಿಸಿಕೊಂಡರೂ ನಿಮ್ಮ ದೋಣಿಯಲ್ಲಿ ತಪ್ಪಿಸಿಕೊಳ್ಳದಿರಲಿ. ತಂದೆ ತಾಯಿಯವರಿಗೂ ಹೊಟ್ಟೆಯ ಬಳಿ ಬಿಗಿಯದ, ಕೈ ಆಡಿಸಲು ಸಲೀಸಾದ ಜಾಕೆಟ್‌ಗಳನ್ನು ಅವರ ಅಳತೆಗೆ ಕೊಳ್ಳಿ. ಎಂಜಿನ್ ನಿಲ್ಲಿಸುವ ಹಗ್ಗದ ಕೊಂಡಿಯನ್ನು ಚಾಲಕ ಮೈಗೆ ಸಿಕ್ಕಿಸಿಕೊಳ್ಳಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನೀವೊಬ್ಬರೇ ದೋಣಿ ನಡೆಸಬಲ್ಲವರಾಗಿದ್ದು ನೀವೇ ನೀರಿಗೆ ಬಿದ್ದರೆ ಉಳಿದ ಐವರ ಗತಿ ಏನೆಂದು ಯೋಚಿಸಿದರೆ ಅದರ ಮಹತ್ವ ತಿಳಿಯುತ್ತದೆ. ನಿಮ್ಮ ಹೆಂಡತಿಯವರೂ ದೋಣಿ ನಡೆಸುವುದನ್ನು ಮೊದಲ ತಿಂಗಳೇ ಕಲಿಯಲಿ.

ದೋಣಿಯ ತಳದ ಬಿರಡೆ ಎಲ್ಲಿದೆ ಎಂಬುದನ್ನು ಎರಡೂ ದೋಣಿಗಳಲ್ಲಿ ಬಗ್ಗಿ ನೋಡಿ. ಮಿನೆಟಾಂಕಾದಲ್ಲಿ 2010ರಲ್ಲಿ ಜೀಬ್ರಾ ಮಸಲ್ ಎಂಬ ಚಿಪ್ಪುಹುಳು ಕಾಣಿಸಿಕೊಂಡಿತು; ಅದು ಒಂದು ಕೆರೆಯಿಂದ ಇನ್ನೊಂದಕ್ಕೆ ದೋಣಿಯೊಳಗಿನ ನೀರಿನಲ್ಲೂ ಪ್ರಯಾಣ ಮಾಡುತ್ತದೆ. ಆದ್ದರಿಂದ ಕೆರೆಯಿಂದ ಹೊರಡುವಾಗ ಬಿರಡೆ ತೆಗೆದು ನೀರು ಬಸಿದು, ರಸ್ತೆಯಲ್ಲಿ ಬಿರಡೆ ತೆಗೆದೇ ಇರಬೇಕೆಂಬುದು ಇಲ್ಲಿಯ ಕಾನೂನು. ಎಂದರೆ ಪ್ರತಿ ಸಲ ನೀರಿಗಿಳಿಸುವಾಗ ಅದನ್ನು ಮತ್ತೆ ಹಾಕಬೇಕು, ಮತ್ತು ಮರೆಯುವವರು ಬಹಳ. ಕೈ ಸುಲಭವಾಗಿ ತಲುಪುವಲ್ಲಿ ಬಿರಡೆ ಇರುವ ದೋಣಿ ನಿಮ್ಮ ಬೆನ್ನನ್ನೂ ಉಳಿಸುತ್ತದೆ.

ಮುಂಗಡ ಕೊಡುವ ಮುಂಚೆ ನೀರಿನ ಮೇಲೆ ಒಂದು ಗಂಟೆ ನಡೆಸಿ ನೋಡಬೇಕೆಂದು ಪಟ್ಟು ಹಿಡಿಯಿರಿ. ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ಗಾಳಿ ಇರುವ ಮಧ್ಯಾಹ್ನವನ್ನೇ ಆರಿಸಿಕೊಳ್ಳಿ, ನಾಲ್ವರೂ ಹೋಗಿ, ಇಬ್ಬರು ಗೆಳೆಯರನ್ನು ತಂದೆ ತಾಯಿಯ ಜಾಗದಲ್ಲಿ ಕೂರಿಸಿಕೊಳ್ಳಿ. ನಿಂತ ಸ್ಥಿತಿಯಿಂದ ದೋಣಿ ನೀರಿನ ಮೇಲೇಳಲು ಎಷ್ಟು ಹೊತ್ತು ಬೇಕೆಂದು ಕೈಗಡಿಯಾರ ನೋಡಿ. ವಿಂಡ್‌ಶೀಲ್ಡ್ ಹಿಂದಿನ ಸೀಟಿನಲ್ಲಿ ನಿಮ್ಮ ಹೆಂಡತಿಯವರು ಕುಳಿತು, ಹನಿ ಎಲ್ಲಿಯವರೆಗೆ ಹಾರಿ ಬರುತ್ತದೆ ಎಂದು ಹೇಳಲಿ. ದೋಣಿಕಟ್ಟೆಯಿಂದ ಒಳಗೆ ಹೆಜ್ಜೆ ಇಡುವಾಗ ಮಂಡಿ ನೋವಿರುವವರು ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಇದೆಯೇ, ಹಿಂದಿನ ಏಣಿಯ ಕೊನೆಯ ಮೆಟ್ಟಿಲು ನೀರಿನೊಳಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಕೈಯಿಟ್ಟು ಪರೀಕ್ಷಿಸಿ. ನಿಮ್ಮ ತಾಯಿಯವರು ಜೂನ್ ಮೊದಲ ವಾರ ಬರುತ್ತಾರೆಂದು ಬರೆದಿದ್ದೀರಿ. ಕಾರ್ಖಾನೆಯಿಂದ ತರಿಸುವ ಮಾದರಿಗೆ ಕೆಲವು ತಿಂಗಳು ಹಿಡಿಯಬಹುದಾದ್ದರಿಂದ ವಿಂಡ್‌ಶೀಲ್ಡ್ ಮಾದರಿಯ ದರಪಟ್ಟಿಯನ್ನು ಈ ವಾರವೇ ಬರೆಸಿಕೊಳ್ಳಿ, ಅದರಲ್ಲಿ ಬ್ರೇಕ್ ಇರುವ ಟ್ರೈಲರನ್ನು ಸೇರಿಸಲು ಹೇಳಿ.